ಬಿಸಿಲಿನ ನೆಪ

“ಟೀಚರಕ್ಕ, ಇಲ್ಲಿ ತುಂಬಾ ಬಿಸಿಲು. ಒಳಗೆ ಹೋಗೋಣ್ವಾ? ನಿಮ್ಮ ಮೂಗು ಆಗ್ಲೇ ಕೆಂಪಾಗಿದೆ.”

ಮನೆಯವರೆಲ್ಲ ಅಳಿಲು ಎಂದೇ ಕರೆಯುವ ಹುಡುಗಿ ಇದನ್ನು ಎಷ್ಟು ಮುದ್ದಾಗಿ ಹೇಳಿದಳೆಂದರೆ, ಟೀಚರಕ್ಕ ಬೆರಳಿಂದ ಮೂಗು ಮುಟ್ಟಿ ನೋಡಿಕೊಂಡಳು. ಹೌದು, ಸ್ವಲ್ಪ ಉರಿಯುತ್ತಿತ್ತು. ಆಮೇಲೆ ಕೆಳಗಿಳಿಯುವ ಮೆಟ್ಟಿಲುಗಳ ಕಡೆ ಒಮ್ಮೆ ನೋಡಿದಳು. ಬಾವಿಗೆ ಇಳಿಯಬೇಕಾದವರು ನೋಡುವ ಹಾಗೆ.

“ನಡಿ ಹಾಗಾದ್ರೆ,” ಎಂದಳು.

ಕೆಳಗೆ ದೋಣಿಯ ಹೊಟ್ಟೆಯೊಳಗೆ ಒಂದು ಮೇಜು. ಅದರ ಮೇಲೆ ಡಿವಿಷನ್ ಲೆಕ್ಕ. ಕಿಟಕಿ ಎಂದರೆ ತಟ್ಟೆಯಷ್ಟಗಲದ ಗಾಜು. ಅದರಲ್ಲಿ ಒಮ್ಮೆ ಆಕಾಶ, ಒಮ್ಮೆ ನೀರು, ಮತ್ತೆ ಆಕಾಶ, ಮತ್ತೆ ನೀರು. ಸೀಮೆಎಣ್ಣೆ ಒಲೆಯ ವಾಸನೆ ಬೇರೆ.

ಅಳಿಲು ಬೇಕೆಂದೇ ನಿಧಾನವಾಗಿ ಭಾಗಿಸಿದಳು. ಶೇಷ ಉಳಿಯದ ಕಡೆಯಲ್ಲೂ ಶೇಷ ಉಳಿಸಿದಳು. ಟೀಚರಕ್ಕ ಪುಸ್ತಕದ ಮೇಲೆ ಬಗ್ಗಿ ತಪ್ಪು ಹುಡುಕಿದಳು. ಅವಳ ಮುಖ ಮೊದಲು ಬಿಳುಚಿತು, ಆಮೇಲೆ ನಿಂಬೆಕಾಯಿಯ ಬಣ್ಣಕ್ಕೆ ತಿರುಗಿತು.

ಮೇಜಿನ ಕೆಳಗೆ ಚಮಚಗಳ ಜೊತೆ ಆಡುತ್ತಿದ್ದ ಪುಟ್ಟ ತಮ್ಮ, ಎಲ್ಲರೂ ಬಟಾಣಿ ಎಂದು ಕರೆಯುವವನು, ತಲೆ ಹೊರಗೆ ಹಾಕಿ ನೋಡಿದ. “ಹಸಿರು ಬಂತು,” ಎಂದು ರೇಡಿಯೋದವರ ಹಾಗೆ ಸುದ್ದಿ ಹೇಳಿದ.

ಟೀಚರಕ್ಕ ಬಕೆಟ್ ಹಿಡಿದು ಮೇಲೆ ಓಡಿದಳು. ಅಲ್ಲಿಗೆ ಅವತ್ತಿನ ಕ್ಲಾಸು ಮುಗಿಯಿತು. ಅಳಿಲು ಪುಸ್ತಕ ಮಡಚಿ, ದೋಣಿಯ ಮೂತಿಯ ಹತ್ತಿರ ಹೋಗಿ, ನೀರಿಂದ ಚಿಮ್ಮುವ ಹಾರುಮೀನುಗಳನ್ನು ನೋಡುತ್ತಾ ಕುಳಿತಳು.

ಕತೆಗಳಲ್ಲಿ ರಾಜಕುಮಾರಿಯರು ಏಳು ಕಡಲು ದಾಟುತ್ತಾರೆ, ಒಬ್ಬಳಿಗೂ ವಾಂತಿಯಾಗುವುದಿಲ್ಲ. ನಿಜವಾದ ಕಡಲಿನ ಸಮಾಚಾರವೇ ಬೇರೆ.

ಅಳಿಲಿನ ಅಪ್ಪ ದೋಣಿ ಕಟ್ಟುವ ಬಡಗಿ. ಊರವರಿಗೆಲ್ಲ ದೋಣಿ ಕಟ್ಟಿಕೊಟ್ಟು ಕೊಟ್ಟು, ಕೊನೆಗೊಮ್ಮೆ ತನಗೇ ಒಂದು ಹಾಯಿದೋಣಿ ಕಟ್ಟಿಕೊಂಡಿದ್ದ. ನಕಾಶೆ ಓದಿ ದಾರಿ ಹೇಳುವವಳು ಅಮ್ಮ. ಬೇಸಿಗೆಯೊಂದೇ ಕಾಲವಾಗಿರುವ ಬೆಚ್ಚನೆಯ ಕಡಲಲ್ಲಿ, ದ್ವೀಪದಿಂದ ದ್ವೀಪಕ್ಕೆ ಅವರ ಸಂಸಾರ ತೇಲುತ್ತಾ ಹೋಗುತ್ತಿತ್ತು. ವಾಪಸು ಬಂದ ಮೇಲೆ ಅಳಿಲು ಟೆಸ್ಟು ಪಾಸಾಗದಿದ್ದರೆ ಹಳೇ ಕ್ಲಾಸಿನಲ್ಲೇ ಕೂರಬೇಕು ಎಂದು ಸ್ಕೂಲಿನವರು ಕಡ್ಡಿ ಮುರಿದಂತೆ ಹೇಳಿದ್ದರು. ಅದಕ್ಕೇ ದೋಣಿಯಲ್ಲಿ ಟೀಚರಕ್ಕ.

ದೋಣಿಯಲ್ಲೇ ಪಾಠ, ದೋಣಿಯಲ್ಲೇ ವಾಸ. ದೋಣಿಯ ಮೂತಿಯೊಳಗೆ ತ್ರಿಕೋನದ ಮಂಚವೊಂದಿತ್ತು. ಅಳಿಲು ಒಂದು ಪಕ್ಕ, ಟೀಚರಕ್ಕ ಇನ್ನೊಂದು ಪಕ್ಕ. ತುದಿಯಲ್ಲಿ ಇಬ್ಬರ ಪಾದಗಳೂ ಜಗಳವಾಡುತ್ತಿದ್ದವು. ತಲೆಯ ಮೇಲೆ ತೂಗುವ ಒಂದು ಬಲೆಚೀಲ, ಅದೇ ಟೀಚರಕ್ಕನ ಕಪಾಟು. ಸ್ನಾನ ಉಪ್ಪುನೀರಿನಲ್ಲಿ, ಕೊನೆಗೆ ಮೈಮೇಲೆ ಸುರಿದುಕೊಳ್ಳಲು ಒಂದು ಮಗ್ ಸಿಹಿನೀರು, ಅಷ್ಟೆ. ಒದ್ದೆಗಾಳಿಗೆ ಶಾಯಿ ಕಲೆಸಿಹೋಗುತ್ತದೆಂದು ಅವಳು ಎಲ್ಲವನ್ನೂ ಪೆನ್ಸಿಲಿನಲ್ಲೇ ತಿದ್ದುತ್ತಿದ್ದಳು.

ದೋಣಿ ಲಂಗರು ಹಾಕಿ ನಿಂತಾಗ ಟೀಚರಕ್ಕನೇ ಬೇರೆ. ಚಕ್ಕಳಮಕ್ಕಳ ಹಾಕಿ ಕುಳಿತು, ನಕ್ಷತ್ರದ ಹುಟ್ಟು, ನದಿಯ ಹಟಮಾರಿತನ, ಯಾವ ದೇಶದಲ್ಲಿ ಯಾಕೆ ಒಂಟೆಯಿದೆ, ಎಲ್ಲವನ್ನೂ ಕತೆಯ ಹಾಗೆ ಹೇಳುತ್ತಿದ್ದಳು. ಆಗ ಅಳಿಲಿಗೆ ಅವಳನ್ನು ಬಿಟ್ಟು ಏಳಲು ಮನಸ್ಸಾಗುತ್ತಿರಲಿಲ್ಲ.

ಆದರೆ ಭಾಗಾಕಾರ ಮಾತ್ರ ದೋಣಿ ಓಡುವಾಗಲೇ ಬರುತ್ತಿತ್ತು. ಟೀಚರಕ್ಕ ಹೊರಗೆ ಕುಳಿತರೆ ಚೆನ್ನಾಗಿರುತ್ತಾಳೆ, ಒಳಗೆ ಕೂತು ಪುಸ್ತಕ ನೋಡಿದರೆ ಕೆಡುತ್ತಾಳೆ ಎಂಬುದು ಅಳಿಲಿಗೆ ಮೊದಮೊದಲೇ ಗೊತ್ತಾಗಿತ್ತು. ಆಕಸ್ಮಿಕವಾಗಿ ಗೊತ್ತಾದದ್ದು. ಆಮೇಲಾಮೇಲೆ ಅದು ಆಕಸ್ಮಿಕವಾಗಿ ಉಳಿಯಲಿಲ್ಲ. ಟೀಚರಕ್ಕನಿಗೆ ಕಡಲು ಹೊಸದು. ಎಲ್ಲಿ ಕೂತರೂ ಹೀಗೇ ಎಂದುಕೊಂಡಿದ್ದಳು. ಗಾಳಿ, ಹಗ್ಗ, ನಕಾಶೆ ಎಂದು ಓಡಾಡುವ ಅಪ್ಪ ಅಮ್ಮನಿಗೆ ಕಾಣುತ್ತಿದ್ದದ್ದು ಬಕೆಟ್ ಹಿಡಿದ ಟೀಚರಕ್ಕ ಮಾತ್ರ.

ಹೀಗಿರುವಾಗ ಒಂದು ಅಗಲವಾದ ಕೊಲ್ಲಿಗೆ ಬಂದು ಲಂಗರು ಹಾಕಿದರು. ಇದಾದ ಮೇಲೆ ದೊಡ್ಡ ದಾಟು. ದಿನಗಟ್ಟಲೆ ನೆಲ ಕಾಣುವುದಿಲ್ಲ, ಡಾಕ್ಟರಿಲ್ಲ, ನಡುವೆ ಹಿಂತಿರುಗುವ ಮಾತಿಲ್ಲ. ದೊಡ್ಡವರೆಲ್ಲ ಸರದಿಯಲ್ಲಿ ಎದ್ದು ಕಾವಲು ಕೂರಬೇಕು.

ಮಧ್ಯಾಹ್ನ ಎಲ್ಲರೂ ಸೇರಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ಅಮ್ಮ ಬಹಳ ಹೊತ್ತು ಸುತ್ತಿ ಬಳಸಿ ಮಾತಾಡಿದಳು. ಟೀಚರಕ್ಕ ಸೊರಗಿಹೋಗಿದ್ದಾಳೆ, ಲಂಗದ ಸೊಂಟಕ್ಕೆ ಪಿನ್ನು ಹಾಕಿಕೊಳ್ಳುತ್ತಿದ್ದಾಳೆ, ಕುಡಿದ ನೀರೂ ದಕ್ಕುತ್ತಿಲ್ಲ, ದೊಡ್ಡ ದಾಟಿನಲ್ಲಿ ಹೆಚ್ಚುಕಮ್ಮಿಯಾದರೆ ಅವಳ ಮನೆಯವರಿಗೆ ಏನು ಹೇಳುವುದು, ಇಲ್ಲೇ ದಡದಲ್ಲಿ ಉಳಿಯುವುದೇ ವಾಸಿ, ಎಂದಳು. ಅಪ್ಪ ಒಂದೇ ಆಲೂಗಡ್ಡೆಯನ್ನು ಕೆತ್ತಿ ಕೆತ್ತಿ ಗೋಲಿಯಷ್ಟು ಮಾಡಿಬಿಟ್ಟ.

ಟೀಚರಕ್ಕ ನಗಲು ನೋಡಿದಳು. “ಇಷ್ಟು ದಿನ ನಾನು ಕಡಲನ್ನ ಇಷ್ಟಪಟ್ಟೆ. ಅದಕ್ಕೆ ನಾನು ಇಷ್ಟ ಆಗ್ಲಿಲ್ಲ, ಏನ್ಮಾಡೋದು.”

ಅಳಿಲು ಬಾಯಿ ತೆರೆದಳು. ಮಾತು ನಾಲಿಗೆಯ ತುದಿಯವರೆಗೆ ಬಂದು ಕೂತಿತ್ತು.

“ಏನೇ?” ಎಂದಳು ಅಮ್ಮ. ಅವಳ ಕೈಯಲ್ಲಿ ಚಾಕು, ಕಣ್ಣಲ್ಲಿ ಇನ್ನೂ ಚೂಪಾದದ್ದೇನೋ.

“ಏನಿಲ್ಲ,” ಎಂದಳು ಅಳಿಲು.

ಬೈಗುಳದ ಹೆದರಿಕೆಯಂತೂ ಇತ್ತು. ಅದರ ಹಿಂದೆ, ಇನ್ನು ಡಿವಿಷನ್ ಇಲ್ಲ ಎಂಬ ಪುಟ್ಟ ಖುಷಿಯೊಂದು ಇಲಿಮರಿಯಂತೆ ಇಣುಕಿತ್ತು. ಅಳಿಲು ಅದನ್ನು ಒಳಕ್ಕೆ ತಳ್ಳಿದಳು. ಆದರೆ ಇಣುಕಿದ್ದು ನಿಜ. ನಾಳೆ ಹೇಳಿದರಾಯಿತು ಎಂದುಕೊಂಡಳು. ದೋಣಿ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ.

ಮರುದಿನ ಬೆಳಗ್ಗೆ ಅವಳು ಏಳುವಷ್ಟರಲ್ಲಿ ಅಪ್ಪ ಚಿಕ್ಕ ದೋಣಿಯಲ್ಲಿ ಟೀಚರಕ್ಕನನ್ನು ದಡಕ್ಕೆ ಕರೆದುಕೊಂಡು ಹೋಗಿಯಾಗಿತ್ತು. ತಿರುಗಿ ಬಂದಾಗ ಟೀಚರಕ್ಕ ಒಂದೇ ಉಸಿರಿಗೆ ಸುದ್ದಿ ಹೇಳಿದಳು. ಕೊಲ್ಲಿಯ ಆಚೆ ದಡದಲ್ಲಿ ಒಂದು ಸಣ್ಣ ಸ್ಕೂಲಿದೆ. ಅಲ್ಲಿನ ಮೇಡಂ ಹೆರಿಗೆಗೆ ಹೋಗಿದ್ದಾರೆ. ಹೆಡ್‌ಮಿಸ್ಸಿಗೆ ಕಣ್ಣು ಮಂಜು, ಒಬ್ಬರೇ ಎಲ್ಲ ಕ್ಲಾಸನ್ನೂ ಕೂಡಿಸಿಕೊಂಡು ಒದ್ದಾಡುತ್ತಿದ್ದಾರೆ. ಇವಳು ಟೀಚರ್ ಎಂದು ಗೊತ್ತಾದದ್ದೇ ಎರಡೂ ಕೈ ಹಿಡಿದುಕೊಂಡರಂತೆ. ಉಳಿಯಲು ಕೋಣೆಯನ್ನೂ ತೋರಿಸಿದರಂತೆ, ಅದಕ್ಕೆ ನಿಜವಾದ ಕಿಟಕಿ ಇದೆಯಂತೆ. ನಾಳೆಯಿಂದ ಬರುತ್ತೇನೆ ಎಂದು ಒಪ್ಪಿಕೊಂಡು ಬಂದಿದ್ದಳು.

ಅಮ್ಮನಿಗೆ ತಲೆಯ ಮೇಲಿನ ಭಾರ ಇಳಿದಂತಾಯಿತು. ಅಳಿಲಿಗೆ ಅದೇ ಭಾರ ಬಂದು ಎದೆಯ ಮೇಲೆ ಕೂತಂತಾಯಿತು.

ತ್ರಿಕೋನದ ಮಂಚದ ಮೇಲೆ ಟೀಚರಕ್ಕ ಬಟ್ಟೆ ಮಡಚುತ್ತಿದ್ದಳು. ಅಳಿಲು ಬಾಗಿಲ ಪರದೆಯನ್ನು ಹಿಂಡುತ್ತಾ ನಿಂತಿದ್ದಳು.

“ಬಾ ಇಲ್ಲಿ,” ಎಂದು ಟೀಚರಕ್ಕ ಪಕ್ಕದಲ್ಲಿ ಜಾಗ ಮಾಡಿದಳು. “ನಿಂಗೊಂದು ಹೇಳ್ಬೇಕು. ಇಲ್ಲಿ ಎಲ್ಲರೂ ಅವರವರ ಕೆಲಸದಲ್ಲಿ ಇರ್ತಿದ್ರು. ಅಕ್ಕನ ಮೂಗು ಸುಡ್ತಿದೆ, ಒಳಗೆ ಕರ್ಕೊಂಡು ಹೋಗೋಣ ಅಂತ ನೋಡಿದ್ದು ನೀನೊಬ್ಬಳೇ. ಅದನ್ನ ನಾನು ಮರೆಯಲ್ಲ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇದನ್ನು ತಡೆದುಕೊಳ್ಳಲು ಅಳಿಲಿಗೆ ಆಗಲಿಲ್ಲ.

“ಅದು ಮೂಗಿಗಲ್ಲ,” ಎಂದಳು.

“ಮತ್ತೆ?”

“ಒಳಗೆ ಕೂತ್ರೆ ನಿಮಗೆ ವಾಂತಿ ಬರುತ್ತಲ್ಲ, ಅದಕ್ಕೆ. ಕ್ಲಾಸು ಬೇಗ ಮುಗೀಲಿ ಅಂತ. ಹೊರಗಡೆ ನಿಮಗೆ ಏನೂ ಆಗಲ್ಲ, ಅಕ್ಕ. ನಂಗೆ ಗೊತ್ತಿತ್ತು.”

ಟೀಚರಕ್ಕ ಮಡಚಿದ ಅಂಗಿಯನ್ನು ಬಿಡಿಸಿದಳು, ಮತ್ತೆ ಮಡಚಿದಳು.

“ಪ್ರತಿ ಸಲಾನೂ?”

“ಪ್ರತಿ ಸಲ ಅಲ್ಲ.” ಅಳಿಲು ನಿಜ ಹೇಳಬೇಕೆಂದು ಕಷ್ಟಪಟ್ಟು ನೆನಪು ಮಾಡಿಕೊಂಡಳು. “ಒಂದೆರಡು ಸಲ ನಿಜವಾಗ್ಲೂ ಬಿಸಿಲಿತ್ತು.”

ಟೀಚರಕ್ಕನ ಮೂಗಿನಿಂದ ನಗುವಿನಂಥ ಒಂದು ಉಸಿರು ಹೊರಬಂತು, ಆದರೆ ಅದು ಮುಖದವರೆಗೆ ಬರಲಿಲ್ಲ. “ನಾನು ನನ್ನ ಹೊಟ್ಟೆಗೆ ಎಷ್ಟು ಬೈದೆ ಗೊತ್ತಾ,” ಎಂದಳು ಮೆಲ್ಲಗೆ. “ಕೈಲಾಗದವಳು ನೀನು ಅಂತ ನನಗೇ ಎಷ್ಟು ಬೈಕೊಂಡೆ.”

ಇದು ಅಳಿಲಿಗೆ ಹೊಳೆದೇ ಇರಲಿಲ್ಲ. ವಾಂತಿಯಾದರೆ ಬಾಯಿ ತೊಳೆದುಕೊಂಡರೆ ಮುಗಿಯಿತು ಎಂದುಕೊಂಡಿದ್ದಳು.

ಅವಳು ಮೇಲೆ ಓಡಿಹೋಗಿ, ಅಪ್ಪ ಅಮ್ಮನ ಮುಂದೆ ನಿಂತು, ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಅಮ್ಮ ಬೈದಳು, ಸರಿಯಾಗಿಯೇ ಬೈದಳು. ಅಪ್ಪ ಗಡ್ಡ ಕೆರೆದುಕೊಂಡು, ಒಳಗೆ ಕೂತು ಓದಿದರೆ ಹಳೇ ನಾವಿಕರಿಗೂ ಹೊಟ್ಟೆ ತೊಳಸುತ್ತದೆ, ದೂರ ನೋಡುತ್ತಾ ಚುಕ್ಕಾಣಿ ಹಿಡಿದರೆ ಎಂಥವರೂ ಸರಿಹೋಗುತ್ತಾರೆ, ನಾನೊಬ್ಬ ಪೆದ್ದ, ಕೇಳಲೇ ಇಲ್ಲ, ಎಂದ. ಮೆಟ್ಟಿಲಲ್ಲಿ ನಿಂತಿದ್ದ ಟೀಚರಕ್ಕನ ಕಡೆ ತಿರುಗಿ, “ಇಲ್ಲೇ ಇದ್ದುಬಿಡಮ್ಮ,” ಎಂದ.

ಟೀಚರಕ್ಕ ಆಚೆ ದಡವನ್ನು ನೋಡಿದಳು. ಮರಗಳ ಸಂದಿಯಲ್ಲಿ ಸ್ಕೂಲಿನ ತಗಡಿನ ಮಾಡು ಹೊಳೆಯುತ್ತಿತ್ತು. ಎಷ್ಟು ಹೊತ್ತು ನೋಡಿದಳೆಂದರೆ, ಅಳಿಲಿಗೆ ಇರುತ್ತಾಳೆ ಎಂದೇ ಅನಿಸಿತು.

“ನಿನ್ನೆ ಕೇಳಿದ್ದಿದ್ರೆ ಇರ್ತಿದ್ದೆ,” ಎಂದಳು ಟೀಚರಕ್ಕ. “ಈಗ ಮಾತು ಕೊಟ್ಟಾಗಿದೆ. ನಾನು ಬರ್ತೀನಿ ಅಂತ ಮಕ್ಕಳು ಕುರ್ಚಿ ಒರೆಸ್ತಾ ಇದ್ರು. ಒಬ್ಬ ಅಂಗಿಯಲ್ಲೇ ಒರೆಸ್ತಿದ್ದ.”

ಯಾರೂ ಮತ್ತೆ ಒತ್ತಾಯ ಮಾಡಲಿಲ್ಲ.

ಮಾರನೆಯ ದಿನ ಅಪ್ಪ ಚಿಕ್ಕ ದೋಣಿ ಇಳಿಸಲಿಲ್ಲ. ಲಂಗರು ಎಳೆದು, ಹಾಯಿ ಬಿಚ್ಚಿ, ಚುಕ್ಕಾಣಿಯ ಹಿಡಿಯನ್ನು ಟೀಚರಕ್ಕನ ಕೈಗೆ ಕೊಟ್ಟ. ಸ್ಕೂಲಿನ ಮುಂದೆ ದೋಣಿ ನಿಲ್ಲುವ ಕಟ್ಟೆಯವರೆಗೆ ನೀನೇ ನಡೆಸು, ಕೆಳಗೆ ನೋಡಬೇಡ, ಆ ಗುಡ್ಡ ನೋಡು, ಎಂದ.

ಕೊಲ್ಲಿಯ ನಡುವೆ ಗಾಳಿ ಜೋರಾಯಿತು. ದೋಣಿ ಒಂದು ಪಕ್ಕಕ್ಕೆ ವಾಲಿ ಓಡತೊಡಗಿತು. ಅಳಿಲು ಟೀಚರಕ್ಕನ ಮುಖವನ್ನೇ ನೋಡುತ್ತಿದ್ದಳು. ಅದು ಬಿಳುಚಲಿಲ್ಲ. ನಿಂಬೆಯ ಬಣ್ಣವೂ ಬರಲಿಲ್ಲ. ಬಟಾಣಿ ಕಾದು ಕಾದು, ಹಸಿರು ಯಾವಾಗ ಬರುತ್ತದೆಂದು ಕೇಳಿದ.

ಒಂದು ಅಲೆ ಸಿಡಿದು ಟೀಚರಕ್ಕನ ಮುಖಕ್ಕೆ ರಾಚಿತು. ಅವಳು ನಾಲಿಗೆಯಿಂದ ಉಪ್ಪು ಸವರಿಕೊಂಡು ಜೋರಾಗಿ ನಕ್ಕಳು. ಕೂದಲು ಬಿಚ್ಚಿಕೊಂಡು ಹಾರುತ್ತಿತ್ತು. ಈ ಹಗ್ಗ ಯಾತಕ್ಕೆ, ಆ ಹಗ್ಗ ಯಾತಕ್ಕೆ ಎಂದು ಅಪ್ಪನನ್ನು ಕೇಳಿದ್ದೇ ಕೇಳಿದ್ದು. ಓಡುವ ದೋಣಿಯ ಮೇಲೆ ಟೀಚರಕ್ಕ ಹೀಗಿರುವುದನ್ನು ಅಳಿಲು ಒಮ್ಮೆಯೂ ನೋಡಿರಲಿಲ್ಲ. ನೋಡುವ ಮೊದಲೇ ಕೈಹಿಡಿದು ಕೆಳಗೆ ಕರೆದೊಯ್ಯುತ್ತಿದ್ದಳಲ್ಲ.

ಕಟ್ಟೆ ಹತ್ತಿರವಾಯಿತು. ಸ್ಕೂಲಿನ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ಅವರ ಮುಂದೆ ಹೆಡ್‌ಮಿಸ್ಸು ಹಣೆಗೆ ಕೈಯಡ್ಡ ಹಿಡಿದು, ದೋಣಿ ಇಲ್ಲದ ಕಡೆ ನೋಡುತ್ತಿದ್ದರು. ಅಪ್ಪ ಹಾಯಿ ಇಳಿಸಿದ. ಅಳಿಲು ಹಗ್ಗದ ಸುರುಳಿ ಹಿಡಿದು ಮೂತಿಗೆ ಹೋಗಿ ನಿಂತಳು. ಕಟ್ಟೆಗೆ ಹಗ್ಗ ಎಸೆಯುವುದು ಯಾವಾಗಲೂ ಅವಳದೇ ಕೆಲಸ.

ಒಬ್ಬ ಉದ್ದನೆಯ ಹುಡುಗಿ ಕಟ್ಟೆಯ ಅಂಚಿಗೆ ಬಂದು ಎರಡೂ ಕೈ ಚಾಚಿದಳು.

ಹಗ್ಗ ತಪ್ಪಿದರೆ ಏನಾಗುತ್ತದೆಂದು ಅಳಿಲಿಗೆ ಚೆನ್ನಾಗಿ ಗೊತ್ತಿತ್ತು. ಗಾಳಿ ದೋಣಿಯನ್ನು ಹಿಂದಕ್ಕೆ ತಳ್ಳುತ್ತದೆ. ಮತ್ತೆ ಹಾಯಿ ಏರಿಸಬೇಕು, ಮತ್ತೆ ಕೊಲ್ಲಿಯೆಲ್ಲ ಸುತ್ತಿ ಬರಬೇಕು. ಹಗ್ಗವನ್ನು ಒಂಚೂರು ತಡವಾಗಿ ಬಿಟ್ಟರೆ ಸಾಕು. ಯಾರಿಗೂ ಗೊತ್ತಾಗುವುದಿಲ್ಲ.

ಅವಳು ಹಿಂತಿರುಗಿ ನೋಡಿದಳು. ಟೀಚರಕ್ಕ ತುಟಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಚುಕ್ಕಾಣಿ ಹಿಡಿದು, ಕಟ್ಟೆಯ ಮೇಲೇ ಕಣ್ಣು ನೆಟ್ಟಿದ್ದಳು. ದೋಣಿಯನ್ನು ಒಂದು ಗೀರೂ ಬೀಳದಂತೆ ಮುಟ್ಟಿಸಬೇಕು, ಜಗತ್ತಿನಲ್ಲಿ ಬೇರೆ ಕೆಲಸವೇ ಇಲ್ಲ, ಎನ್ನುವ ಹಾಗಿತ್ತು ಅವಳ ಮುಖ.

ಅಳಿಲು ಮುಂದಕ್ಕೆ ತಿರುಗಿ, ಕಾಲು ಊರಿ, ಹಗ್ಗ ಬೀಸಿದಳು.

“ಸರಿಯಾಗಿ ಬಿತ್ತಾ?” ಎಂದು ಹಿಂದಿನಿಂದ ಟೀಚರಕ್ಕ ಕೇಳಿದಳು.

ಹಗ್ಗ ಆಗಲೇ ಆ ಹುಡುಗಿಯ ಕೈಯಲ್ಲಿತ್ತು.

“ಬಿತ್ತು, ಅಕ್ಕ,” ಎಂದಳು ಅಳಿಲು, ತಿರುಗಿ ನೋಡದೆ.