ಬಣ್ಣ ಹತ್ತದ ಗಾಜು

ಇಪ್ಪತ್ತೆರಡು ವರ್ಷಗಳಲ್ಲಿ ಗಾಜಣ್ಣ ಒಂದು ಕೋಟಿ ಸ್ಲೈಡುಗಳಿಗೆ ಚೀಟಿ ಅಂಟಿಸಿದ್ದ, ಒಂದೂ ತಪ್ಪಿರಲಿಲ್ಲ. ಗಾಜನ್ನು ಕಿಟಕಿಗೆ ಹಿಡಿದರೆ ಸಾಕು, ರೋಗಿಯ ರೋಗವಿರಲಿ, ಅವನ ಅಜ್ಜಿಯ ಸಿಟ್ಟೂ ಕಾಣುತ್ತಿತ್ತು. ಆಸ್ಪತ್ರೆಯ ಲ್ಯಾಬು ನಡೆಯುತ್ತಿದ್ದದ್ದೇ ಅವನಿಂದ. ಡಾಕ್ಟರಮ್ಮ ಇದ್ದದ್ದು ಸಹಿ ಹಾಕಲು. ಹೀಗೆಂದು ಅವನೇ ಹೇಳುತ್ತಿದ್ದ.

ಅಂಥವನ ಕರುಳಿನಿಂದಲೇ ಗಡ್ಡೆ ತೆಗೆದರು. ಅಪ್ಪ, ಚಿಕ್ಕಪ್ಪ ಇಬ್ಬರೂ ಹೋಗಿದ್ದು ಅದೇ ಕ್ಯಾನ್ಸರಿನಲ್ಲಿ. ಡಾಕ್ಟರಮ್ಮ ಕೂರಿಸಿ ಹೇಳಿದ್ದರು: "ಜೀವಕೋಶ ಡಿಎನ್‌ಎ ನಕಲು ಮಾಡುವಾಗ ತಪ್ಪಾಗುತ್ತೆ ಅಣ್ಣ. ತಿದ್ದೋಕೆ ಅಂತಲೇ ಜೀನುಗಳಿವೆ. ಹುಟ್ಟಿನಿಂದ ಅವೇ ಕೆಟ್ಟಿದ್ರೆ ಮಗಳಿಗೂ ಬಂದಿರೋ ಸಾಧ್ಯತೆ ಅರ್ಧಕ್ಕರ್ಧ. ಗಡ್ಡೆಯ ನಾಲ್ಕು ಸ್ಲೈಡಿಗೆ ಬಣ್ಣ ಹಾಕಿ ನೋಡೋಣ."

ಅರ್ಧಕ್ಕರ್ಧ! ಹತ್ತೊಂಬತ್ತರ ಮಗಳಿಗೆ ತನ್ನಿಂದ ಹೋದದ್ದು ಮೂಗು ಮಾತ್ರ ಎಂದು ಬೀಗುತ್ತಿದ್ದವನಿಗೆ ಊಟ ಸೇರಲಿಲ್ಲ. ಅವಳ ಕಿವಿಗೆ ಇದು ಬೀಳಕೂಡದು.

ಎಲ್ಲರೂ ಊಟಕ್ಕೆ ಎದ್ದಾಗ ಅವನು ಟ್ರೇ ಮುಂದೆ ನಿಂತ. ತನ್ನ ನಾಲ್ಕೂ ಗಾಜು ಗಾಢ ಕಂದು. "ಬಣ್ಣ ಹತ್ತಿದೆ" ಎಂದು ಡಾಕ್ಟರಮ್ಮ ಮುಖ ಸಣ್ಣದು ಮಾಡುವುದನ್ನು ಬೇರೆ ಪರೀಕ್ಷೆಗಳಲ್ಲಿ ಎಷ್ಟು ಸಲ ನೋಡಿಲ್ಲ! ಪಕ್ಕದ್ದು ಸಂಗೀತದ ಟೀಚರೊಬ್ಬರ ಗಡ್ಡೆ: ನಾಲ್ಕರಲ್ಲಿ ಎರಡಕ್ಕೆ ಕಂದು ಬಣ್ಣವೇ ಹತ್ತಿರಲಿಲ್ಲ, ಬರೀ ತಿಳಿನೀಲಿ. ಟೀಚರ್‌ಗೆ ಮಕ್ಕಳಿರಲಾರರು ಎಂದುಕೊಂಡ, ವಿಚಾರಿಸಲು ಹೋಗಲಿಲ್ಲ. ಚೀಟಿಗಳನ್ನು ಬಿಡಿಸಿ ಅದಲುಬದಲು ಮಾಡಿದ. ಹಳೆಯ ಅಂಟಿನ ಗುರುತನ್ನೂ ಸ್ಪಿರಿಟಿನಿಂದ ಒರೆಸಿದ. ಪತ್ತೆ ಹಚ್ಚಬಲ್ಲವನು ಭೂಮಿಯ ಮೇಲೆ ಒಬ್ಬನೇ, ಅವನು ತಾನೇ.

ರಿಪೋರ್ಟಿನ ದಿನ ಮಗಳೂ ಹಟ ಹಿಡಿದು ಬಂದಳು. ಬಾಗಿಲಲ್ಲಿ ಟೀಚರ್ ಎದುರಾದರು, ಇಬ್ಬರು ಹೆಣ್ಣುಮಕ್ಕಳ ಜತೆ. "ನನ್ನ ಸ್ಲೈಡ್ ಚೆನ್ನಾಗಿದೆಯಂತೆ! ಇವರಿಗೆ ಯಾವ ಪರೀಕ್ಷೆನೂ ಬೇಡವಂತೆ!"

ಡಾಕ್ಟರಮ್ಮ ಸರಿಯಾಗಿ ನೋಡಿಲ್ಲ, ಎಂದುಕೊಂಡ ಗಾಜಣ್ಣ.

"ಅಣ್ಣ, ನಿಮ್ಮ ಎರಡು ಸ್ಲೈಡಲ್ಲಿ ಬಣ್ಣ ಬಂದಿಲ್ಲ," ಎಂದರು ಒಳಗೆ ಡಾಕ್ಟರಮ್ಮ.

"ನಾನು ಹೇಳಿರಲಿಲ್ವಾ! ನಮ್ಮದು ಕಬ್ಬಿಣದ ವಂಶ."

"ನಗೋ ವಿಷಯ ಅಲ್ಲ. ಈ ಪರೀಕ್ಷೇಲಿ ಬಣ್ಣ ಬಂದ್ರೆ ತಿದ್ದೋ ಜೀನು ಕೆಲಸ ಮಾಡ್ತಿದೆ ಅಂತ. ಬರದಿದ್ರೇ ಅನುಮಾನ. ರಕ್ತ ಕೊಡಿ, ಖಚಿತ ಮಾಡೋಣ."

ಮಗಳು ಅವನ ಕೈ ಹಿಡಿದಳು. ತನ್ನ ನಿಜವಾದ ಗಾಜು ನಾಲ್ಕೂ ಕಂದು, ಎಂದರೆ ಜೀನು ಸರಿಯಿದೆ. ರಕ್ತ ಕೊಟ್ಟರೆ ತಾನೂ ಪಾರು, ಅವಳೂ ಪಾರು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಕಿಟಕಿಯಾಚೆ ಟೀಚರ್ ಇಬ್ಬರು ಮಕ್ಕಳ ಕೈ ಹಿಡಿದು ರಸ್ತೆ ದಾಟಲು ನಿಂತಿದ್ದರು. "ಅವರನ್ನ ನಿಲ್ಸಿ, ಡಾಕ್ಟರೇ," ಎಂದ ಗಾಜಣ್ಣ. "ಚೀಟಿ ಬದಲಾಯಿಸಿದ್ದು ನಾನು. ಮತ್ತೆ... ಗಾಜು ನೋಡಿ ಹೇಳೋಕೆ ನಂಗೆ ಯಾವತ್ತೂ ಬಂದಿಲ್ಲ."