ಬುಡದೊಳಗಿನ ಕರಿದಾರ

“ಗೋಡೆ ಮೇಲಿರೋ ಆ ಕೋಲೊಂದನ್ನ ಬಿಟ್ಟು ಬೇರೆ ಏನಾದ್ರೂ ಕೇಳಮ್ಮ,” ಎಂದ ಮೇಸ್ತ್ರಿ. “ಅದಕ್ಕೆ ಮಾಟ ಮಾಡಿಸಿದ್ದಾರೆ.”

“ಅಯ್ಯೋ, ಕೋಲಿಗೂ ಮಾಟವಾ? ಚೆಂಡುಗಳಿಗೆ ದೆವ್ವ ಹಿಡಿದಿಲ್ಲ ತಾನೇ?” ಅವಳು ನಕ್ಕುಬಿಟ್ಟಳು.

“ನಗಬೇಡ ತಾಯಿ. ನನ್ನ ತಮ್ಮನಿಗೆ ಮಾಡಿಕೊಟ್ಟಿದ್ದು. ಆಗದವರು ಯಾರೋ ಮಾಡಿಸಿಬಿಟ್ರು. ಎರಡು ವರ್ಷ ಅವನಿಗೆ ಸೋಲೇ ಇರಲಿಲ್ಲ. ಆಮೇಲೆ ಕೈ ಒಣಗ್ತು. ಆಮೇಲೆ ಅವನೂ ಹೋದ.”

ಮೇಜಿನ ಮೇಲಿನ ಚೆಂಡುಗಳನ್ನು ಕೋಲಿನಿಂದ ಹೊಡೆದು ಗುಳಿಗೆ ಬೀಳಿಸುವ ಪೂಲ್ ಆಟದವರಿಗೆ ಅವರವರ ಕೈಯಳತೆಗೆ ಕೋಲು ಕಡೆದುಕೊಡುವ ಕಾರ್ಖಾನೆ ಅದು. ಮಟಮಟ ಮಧ್ಯಾಹ್ನದಲ್ಲೂ ಒಳಗೆ ಮಬ್ಬುಗತ್ತಲೆ. ವಾರ್ನಿಷ್ಷಿನ ಘಾಟು ಗಂಟಲಿಗೆ ಅಡರುತ್ತಿತ್ತು. ಅಣ್ಣ ಬಿಸಾಕಿದ ಸೊಟ್ಟ ಕೋಲಿನಲ್ಲೇ ಹತ್ತು ವರ್ಷ ಆಡಿದವಳು ಅವಳು. ನಾಳೆ ತಂಡದ ಆಯ್ಕೆ. ಹೆಂಗಸರ ಕೈಗೆ ಇದೆಲ್ಲ ಒಗ್ಗುವುದಿಲ್ಲ ಎಂದು ಮೂರು ಸಲ ವಾಪಸು ಕಳಿಸಿದವರ ಎದುರಿಗೇ ನಿಲ್ಲಬೇಕು. ಮೇಸ್ತ್ರಿ ನೋಡಿದರೆ ಹೊಸ ಕೋಲಿಗೆ ಮೂರು ತಿಂಗಳು ಎನ್ನುತ್ತಾನೆ!

ಮರದ ತುಂಡುಗಳನ್ನು ತೋರಿಸುತ್ತೇನೆಂದು ಅವನು ಹಿಂದಿನ ಕೋಣೆಗೆ ಹೋದ. ಅಷ್ಟೇ ಸಾಕಾಯಿತು. ಅವಳು ಗೋಡೆಯ ಕೋಲನ್ನು ಇಳಿಸಿದಳು.

ಕೈಗೆ ಹೇಳಿ ಮಾಡಿಸಿದಂತಿತ್ತು. ಬುಡ ಮಾತ್ರ ತುಸು ಭಾರ. ಆಟಗಾರ್ತಿಯ ಕೈ ಸುಮ್ಮನಿರುತ್ತದೆಯೇ? ಬುಡದ ರಬ್ಬರನ್ನು ಕಿತ್ತು, ಭಾರಕ್ಕೆಂದು ಒಳಗೆ ಕೂರಿಸುವ ತಿರುಪುಮೊಳೆಯನ್ನು ಬಿಚ್ಚಿದಳು. ಅದರ ಹಿಂದೆಯೇ ಒಂದು ಕರಿದಾರ ಜಾರಿ ಬಂತು. ಮೂರು ಗಂಟು. ಸುಟ್ಟ ಕೂದಲಿನ ವಾಸನೆ.

“ಓಹೋ, ಇದೇನಾ ನಿಮ್ಮ ಮಾಟ?” ಎಂದು ಅಣಕಿಸುತ್ತ ಅದನ್ನು ಬಲ ಮಣಿಕಟ್ಟಿಗೆ ಸುತ್ತಿಕೊಂಡಳು. ಕೋಲು ಪರೀಕ್ಷಿಸಲೆಂದು ಮೂಲೆಯಲ್ಲಿಟ್ಟಿದ್ದ ಪೂಲ್ ಟೇಬಲ್ಲಿಗೆ ಬಾಗಿ ಒಂದೇ ಒಂದು ಹೊಡೆತ ಹೊಡೆದಳು.

ಚೆಂಡುಗಳು ಚದುರಿದವು. ಒಂದು ಬಿತ್ತು. ಇನ್ನೊಂದು. ನಿಂತಿದ್ದವೂ ಉರುಳತೊಡಗಿದವು. ಒಂದೊಂದಾಗಿ, ಅವಸರವಿಲ್ಲದೆ, ಎಲ್ಲವೂ ಗುಳಿ ಸೇರಿದವು.

ಅವಳ ಎದೆ ಕುಣಿಯಿತು. ನಾಳೆ ಇದೇ ಕೋಲು! ವಾಪಸು ಕಳಿಸಿದವರ ಮುಖಗಳು ಕಪ್ಪಿಡುವುದನ್ನು ಕಣ್ತುಂಬ ನೋಡಬೇಕು. ಕೋಲನ್ನು ಕೆಳಗಿಡಲು ಹೋದಳು.

ಬೆರಳು ಬಿಚ್ಚಲಿಲ್ಲ.

ದಾರ ಬಿಗಿಯಿತು. ಚರ್ಮದೊಳಗೆ ಇಳಿಯಿತು. ಕೈ ತಣ್ಣಗಾಯಿತು. ಉಗುರು ಕಪ್ಪಾಯಿತು. ಕಪ್ಪು ಮಣಿಕಟ್ಟು ದಾಟಿತು. ಮೊಳಕೈಯತ್ತ ಹರಿಯಿತು. ಅವಳು ಕಿರುಚಿದಳು.

ಮೇಸ್ತ್ರಿ ಓಡಿ ಬಂದ. “ಬಿಚ್ಚಿಬಿಟ್ಯಾ!”

“ದಾರಿ ಹೇಳಿ!”

“ಹಿಡಿದವರೇ ಕೋಲು ಕೊಯ್ಯಬೇಕು. ಕೊಯ್ದರೆ ಆ ಕೈ ಸತ್ತಹಾಗೆ. ಕೊಯ್ಯದಿದ್ರೆ ಗೆಲ್ತಾನೇ ಇರ್ತೀಯ, ಅದು ನಿನ್ನ ತಿಂತಾನೇ ಇರುತ್ತೆ. ನನ್ನ ತಮ್ಮ… ಅವನು ಕೊಯ್ಯಲಿಲ್ಲ.”

ಕೋಲು ಅಂಗೈಯಲ್ಲಿ ಬೆಚ್ಚಗೆ ಮಿಡಿಯಿತು. ನಾಳೆಯ ಗೆಲುವು ಅದರೊಳಗಿತ್ತು. ನಾಡಿದ್ದಿನದೂ.

“ನನ್ನ ಆಟ ಆಡೋಕೆ ನೀನ್ಯಾವನೋ!” ಎಂದು ಕೋಲಿಗೇ ಗದರಿ, ಎಡಗೈಯಿಂದ ಗರಗಸ ಎಳೆದುಕೊಂಡಳು.

ಕರ್ರ್. ಕರ್ರ್. ಮರ ನರಳಿತು. ಪ್ರತಿ ಎಳೆತಕ್ಕೂ ತನ್ನದೇ ಮೂಳೆ ಕೊಯ್ದಂತೆ ನೋವು. ಕಣ್ಣು ಮಂಜಾಯಿತು. ನಿಲ್ಲಿಸಲಿಲ್ಲ. ಕರ್ರ್. ಕರ್ರ್. ಟಪ್!

ದಾರ ಬೂದಿಯಾಗಿ ಉದುರಿತು. ಬಲಗೈ ಮೊಳಕೈಯಿಂದ ಕೆಳಗೆ ಒಣಗಿದ ಕಡ್ಡಿಯಾಗಿ ಜೋತಾಡಿತು. ಚಿವುಟಿ ನೋಡಿದಳು, ಏನೂ ತಿಳಿಯಲಿಲ್ಲ. ಆಗ ಗೋಡೆಗೊರಗಿ ಬಿಕ್ಕಿಬಿಕ್ಕಿ ಅತ್ತಳು. ಮೇಸ್ತ್ರಿಯೂ ಅತ್ತ.

“ಆಯ್ಕೆ ಹೋಯ್ತಲ್ಲ ತಾಯಿ.”

“ನಾಳೇದು ಹೋಯ್ತು. ಬರೋ ವರ್ಷದ್ದು ಎಲ್ಲಿ ಹೋಗುತ್ತೆ?” ಸೆರಗಿನಲ್ಲಿ ಮೂಗೊರೆಸಿಕೊಂಡು ಅವಳು ಎಡಗೈ ಮುಂದೆ ಚಾಚಿದಳು. “ಮೂರು ತಿಂಗಳು ಅಂದ್ರಲ್ಲ, ಇವತ್ತೇ ಶುರುಮಾಡಿ. ಈ ಕೈ ಅಳತೆ ತಗೊಳ್ಳಿ. ಟೇಪಲ್ಲೇ ತಗೊಳ್ಳಿ ಮತ್ತೆ, ದಾರ ಬೇಡ.”

ಮೇಸ್ತ್ರಿ ಕಣ್ಣೊರೆಸಿಕೊಂಡು ಟೇಪು ಬಿಚ್ಚಿದ. ಅವಳು ಎಡಗೈಯ ಬೆರಳುಗಳನ್ನು ಅಗಲಿಸಿ ಹಿಡಿದಳು.