ಹದಿಮೂರು ಸುತ್ತಿನ ತಾಮ್ರ

"ಬಸವನಹುಳು ಜಾಸ್ತಿ ಆದ್ರೆ ನಾವೇ ತೊಟ್ಟಿಗೆ ತಾಮ್ರದ ಔಷಧಿ ಹಾಕ್ತೀವಲ್ಲ ಮೇಡಂ. ಎರಡೇ ದಿನ, ಎಲ್ಲಾ ಗೊಟಕ್."

ಮೀನಿನಂಗಡಿಯವನು ಇದನ್ನು ಗಾಜು ಒರೆಸುತ್ತಾ, ಹವಾಮಾನದ ಮಾತಾಡಿದ ಹಾಗೆ ಹೇಳಿದ. ನನ್ನ ಕೈಯಲ್ಲಿದ್ದ ಎರೆಹುಳದ ಡಬ್ಬಿ ಜಾರಿ ನೆಲಕ್ಕೆ ಬಿತ್ತು.

"ಹುಳು ಮಾತ್ರ ಅಲ್ವಾ ಸಾಯೋದು?"

"ಹುಳು, ಸಿಗಡಿ... ಆಮೇಲೆ ಇದನ್ನ ಯಾರಿಗೆ ಅಂತ ತಗೋತಿದ್ದೀರೋ, ಆ ಗುಲಾಬಿ ಬಣ್ಣದ್ದು, ಅದೂ. ಅದರ ಮೈಯೆಲ್ಲಾ ಬಾಯಿ ಇದ್ದ ಹಾಗೆ. ನೀರಲ್ಲಿರೋದೆಲ್ಲ ಚರ್ಮದಿಂದಾನೇ ಒಳಗೆ ಹೋಗುತ್ತೆ. ಯಾಕೆ ಮೇಡಂ, ಕೂತ್ಕೋತೀರಾ? ಮುಖ ಬಿಳಿಚಿಕೊಂಡಿದೆ."

ಕೂರಲಿಲ್ಲ. ಓಡಿದೆ.

ನಾನು ಫ್ರಿಡ್ಜ್ ರಿಪೇರಿ ಮಾಡುವವಳು. ಅಪ್ಪನ ಅಂಗಡಿ, ನನ್ನ ಕೈ. ನಮ್ಮ ಕಸುಬಿನಲ್ಲಿ ತಾಮ್ರ ಅಂದರೆ ಚಿನ್ನ. ಅಲ್ಯೂಮಿನಿಯಂ ಪೈಪು ಹಾಕಿದವನ ಜೊತೆ ಅಪ್ಪ ಮಾತೇ ಬಿಡುತ್ತಾರೆ.

ಆ ಗುಲಾಬಿ ಬಣ್ಣದ್ದನ್ನು ಸಾಕಿದವನು ಎರಡು ವಾರದ ಹಿಂದೆ ನಮ್ಮ ಅಂಗಡಿಗೆ ಬಂದಿದ್ದ. ಮುಂದಿನ ತಿರುವಿನ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು. ಮೂಗಿನ ತುದಿಯಲ್ಲಿ ಬಿಳಿ ಪುಡಿ ಅಂಟಿತ್ತು, ಅದು ಅವನಿಗೆ ಗೊತ್ತಿರಲಿಲ್ಲ.

"ಹಳೇ ಫ್ರಿಡ್ಜ್ ಇದ್ಯಾ? ಚಿಕ್ಕದು. ನೋಡೋಕೆ ಹೇಗಿದ್ರೂ ಪರವಾಗಿಲ್ಲ, ತಣ್ಣಗಿದ್ರೆ ಸಾಕು."

"ಹೆಣ್ಣು ನೋಡೋಕೆ ಬಂದೋರ ಥರ ಕೇಳ್ತಿದ್ದೀರಲ್ಲ."

ಅವನ ಕಿವಿಗಳು ಒಂದಾದ ಮೇಲೊಂದು ಕೆಂಪಾದವು. ಎರಡೂ ಒಟ್ಟಿಗೆ ಅಲ್ಲ. ಮೊದಲು ಎಡಗಡೆಯದು. ನಾನು ಅದನ್ನೇ ನೋಡುತ್ತಾ ನಿಂತುಬಿಟ್ಟೆ.

ವಿಷಯ ಇಷ್ಟು: ಅವನ ಮನೆಯ ಗಾಜಿನ ತೊಟ್ಟಿಯಲ್ಲಿ ಒಂದು ಪ್ರಾಣಿ. ಆಕ್ಸೊಲಾಟ್ಲ್ ಅನ್ನುತ್ತಾರಂತೆ. ನಾಲ್ಕು ಪುಟ್ಟ ಕಾಲು, ಕತ್ತಿನ ಎರಡೂ ಕಡೆ ಗರಿ, ಹಲ್ಲಿಲ್ಲದ ಅಜ್ಜಿಯ ಹಾಗೆ ಸದಾ ನಗುವ ಬಾಯಿ. ಅವನು ಇಟ್ಟ ಹೆಸರು ಬೊಚ್ಚಮ್ಮ. ನೀರು ಹದಿನೆಂಟು ಡಿಗ್ರಿ ಇರಬೇಕು. ಈ ಬಿಸಿಲಿಗೆ ಇಪ್ಪತ್ತಾರು ಮುಟ್ಟುತ್ತಿತ್ತು. ಬೊಚ್ಚಮ್ಮ ಊಟ ಬಿಟ್ಟಿದ್ದಳು.

"ಅಂಗಡಿ ಚಿಲ್ಲರ್ ಬೆಲೆ ಕೇಳಿದ್ರೆ ನನ್ನ ತಲೆ ಮೇಲೇ ಐಸ್ ಇಡಬೇಕು," ಅಂದ. "ಮನೇಲೇ ಮಾಡಬಹುದಾ?"

ಮಾಡಬಹುದು. ಫ್ರಿಡ್ಜಿನ ಪಕ್ಕಕ್ಕೆ ಎರಡು ತೂತು. ಒಳಗೊಂದು ಬಕೆಟ್ ನೀರು, ಅದರಲ್ಲಿ ಸುರುಳಿ ಸುತ್ತಿದ ಪೈಪು. ಸಣ್ಣ ಪಂಪು ತೊಟ್ಟಿಯ ನೀರನ್ನು ಆ ಸುರುಳಿಯೊಳಗೆ ಓಡಿಸಿ, ತಣ್ಣಗೆ ಮಾಡಿ, ತೊಟ್ಟಿಗೇ ವಾಪಸ್ ಬಿಡುತ್ತದೆ. ಅಷ್ಟೇ.

ಅಷ್ಟಕ್ಕೇ ಬಿಡಲಿಲ್ಲ ನಾನು. ಅಪ್ಪ ಮುಟ್ಟಗೊಡದ ಹೊಸ ತಾಮ್ರದ ರೋಲು ತೆಗೆದೆ. ಎಲ್ಲೂ ಚಪ್ಪಟೆಯಾಗಬಾರದೆಂದು ಪೈಪಿನೊಳಗೆ ಮರಳು ತುಂಬಿ, ಕೈಯಿಂದಲೇ ಬಾಗಿಸಿದೆ. ಹದಿಮೂರು ಸುತ್ತು. ಅವನ ಮನೆಯಲ್ಲಿ ಅದನ್ನು ಎತ್ತಿ ಹಿಡಿದಾಗ ಕಿಟಕಿಯ ಬೆಳಕೆಲ್ಲ ಅದರಲ್ಲೇ ಇತ್ತು. ಅವನು ಸುರುಳಿ ನೋಡಿದ. ನನ್ನ ನೋಡಿದ. ಏನೋ ಹೇಳಲು ಬಾಯಿ ತೆರೆದು, "ತುಂಬಾ ಚೆನ್ನಾಗಿದೆ," ಅಂದ. "ನೀರು ನಾನೇ ತುಂಬ್ಕೊಂಡು ಆನ್ ಮಾಡ್ತೀನಿ."

ಅಂದಿನಿಂದ ದಿನಕ್ಕೆರಡು ಸಲ ಫೋನಿಗೆ ಒಂದೇ ಅಂಕಿ ಬರುತ್ತಿತ್ತು. 18. ಹನ್ನೊಂದು ದಿನ. ನಾನು ಸ್ಕ್ರೂಡ್ರೈವರ್ ಕೆಳಗಿಟ್ಟು, ಕೈ ಒರೆಸಿಕೊಂಡು ಓದುತ್ತಿದ್ದೆ.

"ಯಾವಾಗಲೂ ಹದಿನೆಂಟೇ?" ಅಪ್ಪ ಇಣುಕಿ ನೋಡಿ ಹುಬ್ಬೇರಿಸಿದ್ದರು. "ಅಲ್ಲಾಡದೆ ನಿಲ್ಲೋ ಮೆಷಿನ್ನನ್ನ ನಾನಿನ್ನೂ ಕಂಡಿಲ್ಲ ಮಗಳೇ."

ಹೊಟ್ಟೆಕಿಚ್ಚು ಅಂದುಕೊಂಡಿದ್ದೆ.

ಈಗ ಓಡುತ್ತಾ ಅದೇ ತಲೆಯಲ್ಲಿ. ಹನ್ನೊಂದು ದಿನ ಆ ತೊಟ್ಟಿಯ ನೀರು ನನ್ನ ತಾಮ್ರದೊಳಗೆ ಹರಿದಿದೆ. ಎರಡು ದಿನ ಸಾಕು ಅಂದನಲ್ಲ ಮೀನಿನಂಗಡಿಯವನು. ನಿನ್ನೆ ಬಂದ ಹದಿನೆಂಟು ಯಾರಿಗಾಗಿ ಹಾಗಾದರೆ? ಸತ್ತ ನೀರಿಗಾ?

ಕನ್ನಡಕದಂಗಡಿಗೆ ನುಗ್ಗಿದೆ. ಯಜಮಾನತಿ ಮಾತ್ರ ಇದ್ದರು.

"ಅವನಾ? ಮನೆಗೆ ಓಡಿದ. ಎರಡು ಗಂಟೆಗೊಂದ್ಸಲ ಓಡ್ತಾನೆ. ಹೊಟ್ಟೆ ಸರಿ ಇಲ್ವಂತೆ. ಹನ್ನೊಂದು ದಿನದಿಂದ ಯಾವ ಹೊಟ್ಟೆ ಕೆಡುತ್ತಮ್ಮಾ? ಇನ್ನೊಂದ್ಸಲ ಓಡಿದ್ರೆ ವಾಪಸ್ ಬರೋದೇ ಬೇಡ ಅಂತ ಹೇಳು."

ಮೂರು ಮಹಡಿ. ಬಾಗಿಲು ತೆರೆದೇ ಇತ್ತು.

ಅವನು ತೊಟ್ಟಿಯ ಮುಂದೆ ಮಂಡಿಯೂರಿದ್ದ. ತೋಳು ಭುಜದವರೆಗೂ ನೀರಲ್ಲಿ.

"ನಿಲ್ಲಿಸಿ ಪಂಪು! ತಾಮ್ರ ವಿಷ! ನನಗೆ ಗೊತ್ತಿರಲಿಲ್ಲ, ನಾನೇ, ನಾನೇ ಅವಳನ್ನ..."

ಉಸಿರು ಮುಗಿಯಿತು. ಅವನು ತಿರುಗಿದ. ಅವನ ಮುಖದಲ್ಲಿ ಆಘಾತ ಇರಬೇಕಿತ್ತು. ಇರಲಿಲ್ಲ. ಸಿಕ್ಕಿಬಿದ್ದ ಮುಖ ಅದು.

ತೊಟ್ಟಿಯಲ್ಲಿ ಬೊಚ್ಚಮ್ಮ ನಗುತ್ತಿದ್ದಳು. ಅವಳ ತಲೆಯ ಮೇಲೆ ಒಂದು ಪ್ಲಾಸ್ಟಿಕ್ ಬಾಟಲಿ ತೇಲುತ್ತಿತ್ತು. ಒಳಗೆ ಗಟ್ಟಿ ಐಸು.

ನಾನು ಹೋಗಿ ಫ್ರಿಡ್ಜಿನ ಬಾಗಿಲು ಎಳೆದೆ. ಮೇಲಿನ ಐಸ್ ಖಾನೆ ತುಂಬ ನೀರಿನ ಬಾಟಲಿಗಳು. ಬಕೆಟ್ಟೇ ಇಲ್ಲ. ಕೆಳಗೆ, ಮಡಿಸಿದ ಬಿಳಿ ಟವೆಲ್ಲಿನ ಮೇಲೆ, ಒಂದು ಹನಿ ನೀರೂ ಮುಟ್ಟದ ನನ್ನ ಹದಿಮೂರು ಸುತ್ತು.

"ಗೊತ್ತಿತ್ತಾ ನಿಮಗೆ?"

"ನೋಡಿದ ತಕ್ಷಣ."

"ಮತ್ತೆ ಹದಿನೆಂಟು?"

"ಬಾಟಲಿ ಹಾಕಿದ ಮೇಲೆ ಸ್ವಲ್ಪ ಹೊತ್ತು ನಿಜವಾಗ್ಲೂ ಹದಿನೆಂಟೇ ಇರುತ್ತೆ," ಅಂದ. "ಆವಾಗ ಕಳಿಸ್ತಿದ್ದೆ. ನೀವು ಅದನ್ನ ಎತ್ತಿ ತೋರಿಸಿದಾಗ ನಿಮ್ಮ ಮುಖ ಹೇಗಿತ್ತು ಅಂತ ನಿಮಗೆ ಗೊತ್ತಿಲ್ಲ. ತಪ್ಪು ಅಂತ ಹೇಳೋಕೆ ಆಗ್ಲಿಲ್ಲ."

ಬೊಚ್ಚಮ್ಮ ಬದುಕಿದ್ದಾಳೆ ಎಂದು ಅಳಬೇಕಿತ್ತು. ನನಗೆ ಬಂದದ್ದು ಸಿಟ್ಟು. ಕಾಲಿನ ಬೆರಳಿನಿಂದ ನೆತ್ತಿಯವರೆಗೆ.

"ನಾನು ಮೆಕ್ಯಾನಿಕ್ ರೀ. ತಪ್ಪಾದ್ರೆ ಕಂಪ್ಲೇಂಟ್ ಕೊಡಬೇಕು. ಸರಿ ಮಾಡ್ತೀನಿ. ಸುಮ್ನೆ ಹೊಗಳ್ತಾ ಇದ್ರೆ ನಾನೇನು ಚಿಕ್ಕ ಮಗುನಾ? ನಿಮ್ಮ ಗಿರಾಕಿಗೆ ನಂಬರ್ ತಪ್ಪಿದ ಕನ್ನಡಕ ಕೊಟ್ರೆ, ಚೆನ್ನಾಗಿದೆ ಅಂತ ಹಾಕ್ಕೊಂಡು ಗೋಡೆಗೆ ಗುದ್ದಿಕೊಂಡು ಓಡಾಡಬೇಕಾ ಅವರು?"

"ನಾನು ಅದನ್ನೇ ಮಾಡ್ತಿದ್ದೆ," ಅಂದ ಮೆಲ್ಲಗೆ.

ನಗು ಬಂತು. ಬಂದದ್ದಕ್ಕೇ ಇನ್ನೂ ಸಿಟ್ಟಾಗಿ, ಸುರುಳಿ ಎತ್ತಿಕೊಂಡು ಇಳಿದುಬಿಟ್ಟೆ.

ಆ ಸಂಜೆ ಫೋನಿಗೆ ಅಂಕಿ ಬರಲಿಲ್ಲ. ಆ ಹದಿನೆಂಟುಗಳನ್ನೆಲ್ಲ ಮೇಲಿಂದ ಕೆಳಗೆ ಓದಿದೆ. ಇಪ್ಪತ್ತೆರಡು ಸುಳ್ಳು. ಒಂದನ್ನೂ ಅಳಿಸಲಿಲ್ಲ.

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಅವನು ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಬಂದು, ಕೌಂಟರ್ ಮೇಲೆ ದಾರ ಕಟ್ಟಿ ಇಟ್ಟ ನಮ್ಮ ದೂರಿನ ಪುಸ್ತಕ ತೆರೆದ. ನನ್ನ ಕಡೆ ನೋಡದೆ ಬರೆದ. ಅಪ್ಪ ಅದನ್ನು ಜೋರಾಗಿ ಓದಿದರು, ಅವರು ಎಲ್ಲವನ್ನೂ ಜೋರಾಗಿಯೇ ಓದುವುದು.

"ತಾಮ್ರ ನನ್ನ ಪ್ರಾಣಿಗೆ ಆಗುವುದಿಲ್ಲ. ಮೊದಲೇ ಹೇಳದ ತಪ್ಪು ನನ್ನದು. ಇನ್ನೊಂದು ದೂರು. ಮೆಕ್ಯಾನಿಕ್ ಫ್ರಿಡ್ಜ್ ಇಟ್ಟು ಹೋದವರು ಹನ್ನೊಂದು ದಿನ ಒಂದು ಸಲವೂ ನೋಡಲು ಬರಲಿಲ್ಲ. ದಿನಾ ಕಾದೆ."

ಅಪ್ಪ ಕನ್ನಡಕ ಸರಿಮಾಡಿಕೊಂಡರು. "ಮೊದಲನೇದು ರಿಪೇರಿ. ಎರಡನೇದು ನನ್ನ ವಿಭಾಗಕ್ಕೆ ಬರಲ್ಲ," ಅಂದು ಒಳಗೆ ಹೋದರು.

ಅವನಿಗೆ ರಜೆ ಇದ್ದ ದಿನ, ಮಧ್ಯಾಹ್ನ, ಕುಡಿಯುವ ನೀರಿನ ಫಿಲ್ಟರಿಗೆ ಹಾಕುವ ತೆಳು ಬಿಳಿ ಪ್ಲಾಸ್ಟಿಕ್ ಪೈಪು ತಗೊಂಡು ಹೋದೆ. ಪ್ಲಾಸ್ಟಿಕ್ಕಿಗೆ ತಾಮ್ರದಷ್ಟು ಚುರುಕಿಲ್ಲ, ಅದಕ್ಕೆ ಹದಿಮೂರರ ಬದಲು ನಲವತ್ತು ಸುತ್ತು. ಅವನು ಹಿಡಿದ, ನಾನು ಸುತ್ತಿದೆ. ಬಕೆಟ್ಟಿನಲ್ಲಿ ಇಳಿಸಿ ಪಂಪು ಹಾಕಿದಾಗ ಬೊಚ್ಚಮ್ಮ ಗರಿ ಕೊಡವಿ ಮೂಲೆಗೆ ಸರಿದಳು.

ನೆಲದ ಮೇಲೆ ಕೂತು ಥರ್ಮಾಮೀಟರ್ ಕಾದೆವು. ಇಪ್ಪತ್ತಮೂರು. ಇಪ್ಪತ್ತೆರಡು ಪಾಯಿಂಟ್ ಆರು. ನಡುವೆ ಅವನು ಗೋಡೆ ನೋಡುತ್ತಾ ಹೇಳಿದ: "ನಮ್ಮ ಮನೆ ಕೆಳಗೇ ಒಂದು ಫ್ರಿಡ್ಜ್ ರಿಪೇರಿ ಅಂಗಡಿ ಇದೆ. ಅದನ್ನ ದಾಟಿ ನಿಮ್ಮಲ್ಲಿಗೆ ಬಂದಿದ್ದೆ."

"ಬೋರ್ಡು ನೋಡಿದ್ದೀನಿ. ನಾನೇನು ಕುರುಡೀನಾ?" ಅಂದೆ. ಎಡಗಿವಿ ಕೆಂಪಾಯಿತು. ಆಮೇಲೆ ಬಲಗಿವಿ.

ಅಂಕಿ ಹತ್ತೊಂಬತ್ತು ಪಾಯಿಂಟ್ ಮೂರಕ್ಕೆ ಬಂದು ನಿಂತಿತು. ಅರ್ಧ ಗಂಟೆಯಾದರೂ ಅಲ್ಲಾಡಲಿಲ್ಲ. ನಾನು ಅವನ ಮುಖವನ್ನೇ ನೋಡಿದೆ. "ಸಾಕು, ಚೆನ್ನಾಗಿದೆ" ಅನ್ನಲು ಬಾಯಿ ತೆರೆದ. ಮುಚ್ಚಿದ.

"ಕಂಪ್ಲೇಂಟ್," ಅಂದ. "ಇದು ಸಾಲದು. ಇನ್ನೂ ಒಂದು ಪಾಯಿಂಟ್ ಮೂರು ಇಳೀಬೇಕು."

ಇಷ್ಟು ಪ್ರೀತಿಯಿಂದ ನನ್ನ ಕೆಲಸವನ್ನು ಯಾರೂ ಬೈದಿರಲಿಲ್ಲ.

"ಸುತ್ತು ಜಾಸ್ತಿ ಮಾಡಬೇಕು. ನಾಳೆ ಬರ್ತೀನಿ."

"ನಾಳೆನೂ ಇಳೀದಿದ್ರೆ?"

"ನಾಡಿದ್ದು ಬರ್ತೀನಿ."

"ಆಗ್ಲೂ..."

ಅವನ ಕೈ ಹಿಡಿದುಕೊಂಡೆ. ಹಿಡಿದು ಬೆಚ್ಚಿಬಿದ್ದೆ. ಹನ್ನೊಂದು ದಿನ ಐಸು ಮುಟ್ಟಿದ ಬೆರಳುಗಳು ಬಿಳಿಚಿ ಬಿರುಕುಬಿಟ್ಟಿದ್ದವು.

"ನನ್ನದೂ ಒಂದು ಕಂಪ್ಲೇಂಟ್ ಇದೆ," ಅಂದೆ. "ಈ ಕೈ ತುಂಬಾ ತಣ್ಣಗಿದೆ."

"ರಿಪೇರಿ ಆಗುತ್ತಾ?"

"ಟೈಮ್ ಹಿಡಿಯುತ್ತೆ," ಅಂದೆ. ಬಿಡಲಿಲ್ಲ.